ಬಂಧುಗಳಿಲ್ಲದ ಭಾನುವಾರ

“ನೀವು ಬಾಯಿ ತೆರೆಯೋ ಹಾಗಿದ್ರೆ ಬರೋದೇ ಬೇಡ ಸರ್. ಬೇರೆ ಯಾರನ್ನಾದ್ರೂ ಹುಡುಕ್ತೀನಿ.”

ಕಾಲೇಜು ದಿನಗಳಲ್ಲಿ ಚರ್ಚಾಸ್ಪರ್ಧೆಗಳಿಂದ ಷೀಲ್ಡು ಹೊತ್ತು ತಂದವನಿಗೆ, ಆಮೇಲಿನ ಬದುಕನ್ನು ಪಾಠ ಮತ್ತು ಭಾಷಣಗಳಲ್ಲೇ ಕಳೆದವನಿಗೆ ಯಾರಾದರೂ ಹೀಗೆನ್ನಬಹುದೇ? ಅಂದವರು ಅರಸೀಕೆರೆಯ ವಕೀಲೆ ಕಮಲಾಕ್ಷಮ್ಮ. ನಾನು ಮರುಮಾತಿಲ್ಲದೆ ಒಪ್ಪಿದೆ. ಒಪ್ಪಿದ್ದರಿಂದ ಏನನ್ನು ಕಂಡೆ ಎಂಬುದೇ ಈ ವಾರದ ವಿಷಯ.

ವಿಮಲಾ ನನ್ನ ಅಕ್ಕನ ಮಗಳು. ಆಕೆಯ ಗಂಡ ನಾಗರಾಜ ಅರಸೀಕೆರೆಯಲ್ಲಿ ಕೊಬ್ಬರಿ ವ್ಯಾಪಾರಿ. ಹಿಂದೆ ಕಾಲೇಜಿನಲ್ಲಿ ನನ್ನ ವಿದ್ಯಾರ್ಥಿ. (ಹೆಸರುಗಳನ್ನು ಬದಲಿಸಿದ್ದೇನೆ. ಇದನ್ನು ಬರೆಯಲು ಇಬ್ಬರೂ ಒಪ್ಪಿದ್ದಾರೆ. ಇತ್ತೀಚೆಗೆ ಅವರಿಬ್ಬರೂ ಒಟ್ಟಾಗಿ ಒಪ್ಪಿದ್ದು ಬಹುಶಃ ಇದೊಂದನ್ನೇ.) ಮದುವೆ ಮುರಿಯಿತು. ಮಠದಲ್ಲಿ ಹಿರಿಯರು ಪಂಚಾಯಿತಿ ಮಾಡಿ ‘ಹೊಂದಿಕೊಂಡು ಹೋಗಿ’ ಎಂದರು. ಹೊಂದಲಿಲ್ಲ. ವಿಮಲಾ ವಿಚ್ಛೇದನಕ್ಕೆ ಅರ್ಜಿ ಹಾಕಿದಳು. ನಾಗರಾಜ ತಕರಾರು ಸಲ್ಲಿಸಿದ.

ಅವರಿಗೊಬ್ಬಳು ಮಗಳು, ಸಿಂಚನ. ಒಂದನೇ ತರಗತಿ. ಮಗು ತಾಯಿಯ ಬಳಿ, ಮಾದಿಹಳ್ಳಿಯ ತವರಿನಲ್ಲಿ ಇರಲಿ, ಭಾನುವಾರ ಹಗಲು ತಂದೆಯ ಜೊತೆ ಕಳೆಯಲಿ ಎಂದು ನ್ಯಾಯಾಲಯ ಮಧ್ಯಂತರ ಆದೇಶ ನೀಡಿತು. ವಿವೇಕದ ಆದೇಶ. ಆದರೆ ಆದೇಶದಲ್ಲಿ ಇಲ್ಲದವರು ಅಂಗಳಕ್ಕೆ ಬಂದರು.

ಯಾರು? ಬಂಧುಗಳು!

ನಮ್ಮ ಸೀಮೆಯಲ್ಲಿ ಒಂದು ಪದ್ಧತಿ ಇದೆ. ಹೆಣ್ಣು ನೋಡಲು ಹೋಗುವ ಹಾಗೆಯೇ ಜಗಳಕ್ಕೂ ವ್ಯಾನ್ ಮಾಡಿಕೊಂಡು ಹೋಗುವುದು. ಭಾನುವಾರ ಮಗುವನ್ನು ಕರೆದೊಯ್ಯಲು ನಾಗರಾಜನ ಹಿಂದೆ ಅವನ ಅಣ್ಣ, ಚಿಕ್ಕಪ್ಪ, ಭಾವಮೈದುನ. ಕಳಿಸಿಕೊಡಲು ಗೇಟಿನಲ್ಲಿ ವಿಮಲಾಳ ಅಣ್ಣ ಶಿವಣ್ಣ, ಅವನ ಪಕ್ಕದಲ್ಲಿ ಓಣಿಯ ಅರ್ಧ ಗಂಡಸರು.

“ಏನ್ಲಾ, ಮಗು ಕರ್ಕಂಡೋಗಕ್ಕೆ ಪಟಾಲಮ್ ಕಟ್ಕಂಡ್ ಬಂದಿದೀಯ?”

“ನಿಮ್ ಮನೆ ಬಾಗ್ಲಿಗೆ ಒಬ್ನೇ ಬರಕ್ಕೆ ನಂಗೇನ್ ತಲೆ ಕೆಟ್ಟೈತಾ?”

ಈ ಮಾತುಗಳ ನಡುವೆ ಸ್ಕೂಲ್ ಬ್ಯಾಗು ಹಾಕಿಕೊಂಡು ನಿಂತ ಮಗು. ಮೊದಲ ವಾರ ಅತ್ತಿತು. ಮರುವಾರ ವಾಂತಿ ಮಾಡಿಕೊಂಡಿತು. ಆಮೇಲೆ ಶನಿವಾರವೇ ಊಟ ಬಿಡತೊಡಗಿತು.

‘ತಾಯಿ ಕಡೆಯವರು ಹೇಳಿಕೊಟ್ಟಿದ್ದಾರೆ’ ಎಂದು ಅವರು. ‘ಅಪ್ಪನನ್ನು ಕಂಡರೆ ಭಯ’ ಎಂದು ಇವರು. ಭೇಟಿಯನ್ನೇ ನಿಲ್ಲಿಸಲು ಅರ್ಜಿ ಹಾಕಬೇಕೆಂದು ಶಿವಣ್ಣ ಹಟ ಹಿಡಿದ. ಆ ಅರ್ಜಿ ಮಂಜೂರಾದರೆ? ಮಗುವಿಗೆ ವಾರಕ್ಕೊಮ್ಮೆ ಸಿಗುವ ಅಪ್ಪನೂ ಇಲ್ಲ.

ಕಮಲಾಕ್ಷಮ್ಮ ವಿಮಲಾಳ ಪರ ವಕೀಲೆ. ಅರ್ಜಿ ಬರೆಯುವುದು ಅವರಿಗೆ ಎಷ್ಟು ಹೊತ್ತಿನ ಕೆಲಸ? ಆದರೆ ಅವರು ಬರೆಯಲಿಲ್ಲ. ಮೊದಲು ಮಗುವನ್ನು ಹಾಸನದ ಮನೋವೈದ್ಯರೊಬ್ಬರಿಗೆ ತೋರಿಸಿ ಎಂದರು.

“ಮಗುಗೇನು ಹುಚ್ಚಾ ಮೇಡಂ?” ಎಂದು ಶಿವಣ್ಣ ಕೆರಳಿದ.

“ಹುಚ್ಚು ಮಗುಗಲ್ಲ ಶಿವಣ್ಣ. ಗೇಟ್‌ನಲ್ಲಿ ನಿಲ್ಲೋರಿಗೆ. ಅವರನ್ನೆಲ್ಲ ಹಾಸನಕ್ಕೆ ಕಳ್ಸೋಕೆ ಬಸ್ಸು ಸಾಲಲ್ಲ.”

ವೈದ್ಯರು ಹೇಳಿದ್ದು ಸರಳವಾಗಿತ್ತು. ಮಗುವಿಗೆ ಅಪ್ಪನ ಭಯವಿಲ್ಲ. ಯಾರೂ ಏನನ್ನೂ ಹೇಳಿಕೊಟ್ಟೂ ಇಲ್ಲ. ಅಪ್ಪನ ಕಡೆ ಒಂದು ಹೆಜ್ಜೆ ಇಟ್ಟರೆ ಅಮ್ಮನಿಗೆ ದ್ರೋಹ, ಅಮ್ಮನ ಬಳಿ ನಿಂತರೆ ಅಪ್ಪನಿಗೆ. ಆರಿಸಲಾಗದ ಮಗುವಿನ ಹೊಟ್ಟೆ ತೊಳಸುತ್ತದೆ, ಅಷ್ಟೆ.

ಕಮಲಾಕ್ಷಮ್ಮ ಎದುರು ಪಕ್ಷದ ವಕೀಲರೊಂದಿಗೆ ಮಾತಾಡಿದರು. ಅವರೂ ಮಕ್ಕಳೊಂದಿಗರು, ಒಪ್ಪಿದರು. ಹೊಸ ಏರ್ಪಾಟು ಹೀಗಾಯಿತು. ಭೇಟಿ ಮಾದಿಹಳ್ಳಿಯಲ್ಲೂ ಅಲ್ಲ, ಅರಸೀಕೆರೆಯಲ್ಲೂ ಅಲ್ಲ. ಹಳೇಬೀಡಿನ ದೇವಸ್ಥಾನದ ಮುಂದಿನ ಹುಲ್ಲುಹಾಸಿನಲ್ಲಿ. ನಾಗರಾಜ ಒಬ್ಬನೇ ಬಸ್ಸಿನಲ್ಲಿ ಬರಬೇಕು, ತಾಯಿಯ ಮನೆಯ ವಿಚಾರವನ್ನು ಮಗುವಿನ ಬಳಿ ಎತ್ತಕೂಡದು. ಮಗುವನ್ನು ಕರೆತರಲು ಇಬ್ಬರಿಗೂ ಬೇಕಾದವನೊಬ್ಬ, ಅಂದರೆ ನಾನು. ನನಗೆ ವಿಧಿಸಿದ ಷರತ್ತನ್ನು ಆಗಲೇ ಓದಿದಿರಿ. ಇಷ್ಟಾದ ಮೇಲೂ ಮಗು ವಾಂತಿ ಮಾಡಿದರೆ ಅರ್ಜಿಯನ್ನು ತಾವೇ ಹಾಕುವುದಾಗಿ ಕಮಲಾಕ್ಷಮ್ಮ ಶಿವಣ್ಣನಿಗೆ ಮಾತು ಕೊಟ್ಟರು.

(ನನ್ನ ಸುಧಾರಕ ಬುದ್ಧಿ ಸುಮ್ಮನಿರಲಿಲ್ಲ. ಹೆಂಡತಿಯನ್ನು ಹೊಡೆಯುವ ಗಂಡನಿಗೂ ಇದೇ ಉಪಚಾರವೇ ಎಂದು ಕೇಳಿದೆ. “ಇವನು ಕೈ ಎತ್ತಿದವನಾಗಿದ್ರೆ ನಾನು ಹುಲ್ಲುಹಾಸಿನ ಮಾತೇ ಆಡ್ತಿರಲಿಲ್ಲ ಸರ್. ಇವನದು ಬರೀ ನಾಲಿಗೆ. ನಾಲಿಗೆಗೆ ಔಷಧ ಬೇರೆ” ಎಂದರು.)

ಹಳೇಬೀಡೇ ಏಕೆ? “ನಮ್ಮ ಜನ ನಮ್ಮವರ ಮುಂದೆ ಸೋಲಲ್ಲ ಸರ್. ಗೊತ್ತಿಲ್ಲದವರ ಮುಂದೆ ಗೆಲ್ಲೋದಕ್ಕೇ ಏನೂ ಇರಲ್ಲ” ಎಂದರು. ನಾನು ಯೋಚಿಸಿದೆ. ಹಿಂದೂ ವಿವಾಹ ಕಾಯ್ದೆಯೂ ಇಂಥ ಪ್ರಕರಣಗಳ ವಿಚಾರಣೆ ಮುಚ್ಚಿದ ಬಾಗಿಲೊಳಗೆ ನಡೆಯಬೇಕೆನ್ನುತ್ತದೆ. ಬಾಗಿಲ ಹೊರಗಿನ ಬೆಂಚಿನ ಮೇಲೆ ಕೂರುವವರನ್ನು ಮನೆಗೆ ಕಳಿಸುವ ಕಲಮು ಮಾತ್ರ ಅದರಲ್ಲಿಲ್ಲ. ಕಾಯ್ದೆ ನಿಂತಲ್ಲಿಂದ ಮುಂದಕ್ಕೆ ನಡೆಯುವ ವಕೀಲರು ನಮ್ಮ ನಡುವೆ ಎಷ್ಟು ಜನರಿದ್ದಾರೆ?

ಅತ್ಯಂತ ಕಠಿಣ ಷರತ್ತನ್ನು ಅವರು ವಿಧಿಸಿದ್ದು ತಮ್ಮದೇ ಕಕ್ಷಿದಾರಳಿಗೆ. ಮಗುವನ್ನು ವಿಮಲಾ ತನ್ನ ಬಾಯಿಂದಲೇ ಅಪ್ಪನ ಬಳಿಗೆ ಕಳಿಸಬೇಕು. ಅದಕ್ಕೆ ಅವರ ಆಫೀಸಿನಲ್ಲಿ ರಿಹರ್ಸಲ್ ನಡೆಯಿತು. ನಾನು ಮೂಲೆಯ ಕುರ್ಚಿಯಲ್ಲಿದ್ದೆ.

“ನಾನೇ ನಿನ್ನ ಮಗಳು ಅಂದ್ಕೋ. ಹೇಳು.”

“ಹೋಗಿ ಬಾ” ಎಂದಳು ವಿಮಲಾ.

“ಚಂದಾ ಕೇಳಕ್ಕೆ ಬಂದೋರನ್ನ ಸಾಗಹಾಕಿದ ಹಾಗಾಯ್ತು. ಇನ್ನೊಂದ್ಸಲ.”

“ಅಪ್ಪನ ಜೊತೆ ಹೋಗಿ ಬಾ ಪುಟ್ಟಿ.”

“ಬಾಯಿ ಹೋಗು ಅಂತು, ಮುಖ ಬೇಡ ಅಂತು. ಮಗು ಯಾವುದನ್ನ ನಂಬುತ್ತೆ?”

ವಿಮಲಾ ಅತ್ತುಬಿಟ್ಟಳು. “ಆಗಲ್ಲ ಮೇಡಂ. ಅವ್ರು ನಂಗೆ ಏನೇನ್ ಅಂದವ್ರೆ ಅಂತ ನಿಮ್ಗೆ ಗೊತ್ತಿಲ್ವಾ? ನೀವೇ ತಾನೆ ಅರ್ಜೀಲಿ ಬರ್ದಿದ್ದು?”

“ನಾನೇ ಕಣಮ್ಮ ಬರೆದಿದ್ದು. ಅದು ಜಡ್ಜ್ ಸಾಹೇಬರು ಓದೋಕೆ. ನಿನ್ನ ಮಗಳು ನಿನ್ನ ಮುಖದ ಮೇಲೆ ಓದೋಕಲ್ಲ.”

ನಾನು ಎಷ್ಟೋ ವಕೀಲರ ವಾದಗಳನ್ನು ಕೇಳಿದ್ದೇನೆ. ತನ್ನ ಕಕ್ಷಿದಾರಳ ಎದುರೇ, ಅವಳ ಹಿತಕ್ಕಾಗಿಯೇ ಇಷ್ಟು ನಿಷ್ಠುರವಾಗಿ ವಾದಿಸಿದವರನ್ನು ಕಂಡಿರಲಿಲ್ಲ. ವಿಚ್ಛೇದನಕ್ಕೆ ಕಾನೂನು ಕಾರಣ ಕೇಳುತ್ತದೆ. ಕಾರಣ ಒದಗಿಸಲು ಗಂಡ ಹೆಂಡತಿ ತಮ್ಮ ನೆನಪುಗಳನ್ನೆಲ್ಲ ಸಾಣೆ ಹಿಡಿದು ತರುತ್ತಾರೆ. ಆ ಹರಿತವನ್ನು ಕೋರ್ಟಿನ ಮೆಟ್ಟಿಲಲ್ಲೇ ಬಿಟ್ಟು ಮನೆಗೆ ಹೋಗುವುದನ್ನು ಕಲಿಸುವವರು ಯಾರು?

ಭಾನುವಾರ ಬಂತು. ಮಾದಿಹಳ್ಳಿಯ ಬಸ್ ಸ್ಟಾಪಿನಲ್ಲಿ ವಿಮಲಾ ಮಗಳ ಕೂದಲು ಸರಿಮಾಡಿದಳು. “ಅಪ್ಪನ ಜೊತೆ ಚೆನ್ನಾಗಿ ಆಡ್ಕಂಡು ಬಾ ಪುಟ್ಟಿ” ಎಂದಳು. ಧ್ವನಿ ಕೊನೆಯಲ್ಲಿ ಒಡೆಯಿತು, ಮುಖ ಒಡೆಯಲಿಲ್ಲ. ಮಗು ಆ ಮುಖವನ್ನು ಬಹಳ ಹೊತ್ತು ನೋಡಿ ಬಸ್ಸು ಹತ್ತಿತು.

ದೇವಸ್ಥಾನದ ಗೇಟಿನ ಬಳಿ ನಾಗರಾಜ ಇಸ್ತ್ರಿ ಮಾಡಿದ ಶರ್ಟು ತೊಟ್ಟು, ಇಂಟರ್‌ವ್ಯೂಗೆ ಬಂದವನಂತೆ ನಿಂತಿದ್ದ. ಸಿಂಚನ ಅವನ ಬೆನ್ನ ಹಿಂದೆ ಇಣುಕಿದಳು.

“ದೊಡ್ಡಪ್ಪ ಎಲ್ಲಿ?”

“ಬಂದಿಲ್ಲ ಕಣವ್ವ. ನಾನೊಬ್ನೇ.”

ಬಸ್ಸಿಳಿದಾಗಿನಿಂದ ನನ್ನ ಬೆರಳನ್ನು ಬಿಗಿಯಾಗಿ ಹಿಡಿದಿದ್ದ ಆ ಕೈ ಆಗ ಸಡಿಲವಾಯಿತು.

ನಾನು ಮಾತು ಕೇಳುವಷ್ಟು ದೂರದಲ್ಲಿ, ಮಾತಾಡಲಾರದ ಸ್ಥಾನದಲ್ಲಿ ಕುಳಿತೆ. ತಂದೆ ಮಗಳು ಗೋಡೆಯ ಆನೆಸಾಲನ್ನು ಎಣಿಸಲು ಹೊರಟರು.

“ಅಪ್ಪ, ಈ ಆನೆನ ಎರಡು ಸಲ ಎಣ್ಸಿದೆ ನೀನು!”

“ದಪ್ಪಗೈತಲ್ಲ, ಅದಕ್ಕೇ ಎರಡು ಅಂತ ಹಿಡಿದೆ.”

ಮಗು ಕಿಲಕಿಲನೆ ನಕ್ಕಿತು. ಹಿಂದಿ ಮಾತಾಡುವ ಪ್ರವಾಸಿ ಕುಟುಂಬವೊಂದು ನಾಗರಾಜನ ಕೈಗೆ ಕ್ಯಾಮೆರಾ ಕೊಟ್ಟು ಫೋಟೊ ತೆಗೆಯಲು ಕೇಳಿತು. ಅವರ ಕಣ್ಣಿಗೆ ಅವನು ಪ್ರತಿವಾದಿಯಲ್ಲ. ಮಗಳನ್ನು ದೇವಸ್ಥಾನಕ್ಕೆ ಕರೆತಂದ ಒಬ್ಬ ಅಪ್ಪ.

ಬಳಿಕ ಇಬ್ಬರೂ ಹುಲ್ಲಿನ ಮೇಲೆ ಕುಳಿತು ಉಪ್ಪುಖಾರ ಸವರಿದ ಸೌತೆಕಾಯಿ ತಿನ್ನತೊಡಗಿದರು. ಆಗ ಬಂತು ನೋಡಿ ಆ ಪ್ರಶ್ನೆ.

“ಅದಿರ್ಲಿ ಪುಟ್ಟಿ, ನಿಮ್ಮಮ್ಮ ನನ್ ವಿಷ್ಯ ಮನೇಲಿ ಏನ್...”

ಸೌತೆಕಾಯಿ ಹಿಡಿದ ಕೈ ಬಾಯಿಯ ಹತ್ತಿರವೇ ನಿಂತಿತು. ತುಟಿ ಮುಚ್ಚಿತು. ನನ್ನ ನಾಲಿಗೆಯ ತುದಿಯಲ್ಲಿ ಅಚ್ಚುಕಟ್ಟಾದ ವಾಕ್ಯವೊಂದು ಸಿದ್ಧವಾಗಿತ್ತು; ಕಚ್ಚಿ ಹಿಡಿದೆ. ನಾಗರಾಜ ಮಗಳ ಮುಖ ನೋಡಿದ.

“...ಏನ್ ತಿಂಡಿ ಮಾಡಿದ್ಲು ಇವತ್ತು?”

“ಇಡ್ಲಿ.”

“ಚಟ್ನಿ ಖಾರ ಇತ್ತಾ?”

“ಇತ್ತು. ಆದ್ರೂ ತಿಂದೆ.”

ಚರ್ಚಾಸ್ಪರ್ಧೆಗಳಲ್ಲಿ ತೀರ್ಪುಗಾರನಾಗಿ ಅನೇಕ ಬಾರಿ ಕುಳಿತವನು ನಾನು. ಅರ್ಧ ದಾರಿಯಲ್ಲಿ ಹೀಗೆ ತಿರುಗಿಸಿದ ವಾಕ್ಯಕ್ಕಿಂತ ಉತ್ತಮವಾದದ್ದನ್ನು ಈವರೆಗೆ ಕೇಳಿಲ್ಲ. ಮೊದಲ ಬಹುಮಾನ ನಾಗರಾಜನಿಗೆ.

ಹೊರಡುವ ಹೊತ್ತಿಗೆ ಸಿಂಚನ ಅವನನ್ನು ಒಂದು ಮಾತು ಕೇಳಿದಳು. “ಅಪ್ಪ, ಇಲ್ಲಿ ನಾನು ನಕ್ಕಿದ್ದು ಅಮ್ಮಂಗೆ ಹೇಳ್ಬಹುದಾ?”

ಎಂಥ ಪ್ರಶ್ನೆ! ಒಂದನೇ ತರಗತಿಯ ಮಗು ತನ್ನ ನಗುವಿಗೆ ಪರವಾನಗಿ ಕೇಳುತ್ತಿದೆ. ನಾಗರಾಜ ಹೂಂ ಎಂದು ತಲೆಯಾಡಿಸಿ ಮುಖವನ್ನು ದೇವಸ್ಥಾನದ ಪಕ್ಕದ ಕೆರೆಯ ಕಡೆ ತಿರುಗಿಸಿಕೊಂಡ.

ಮಾದಿಹಳ್ಳಿಯಲ್ಲಿ ಶಿವಣ್ಣ ಗೇಟಿನಲ್ಲೇ ಕಾದಿದ್ದ. “ಏನ್ ಮಾವ, ಏನಂದ ಅವ್ನು? ಮಗು ಹತ್ರ ಏನೇನ್ ಕೇಳ್ದ?”

ನಾನು ಷರತ್ತಿಗೆ ಬದ್ಧನಾಗಿ ಸುಮ್ಮನಿದ್ದೆ. ಉತ್ತರ ಕೊಟ್ಟದ್ದು ಬಾಗಿಲಿಗೆ ಬಂದ ವಿಮಲಾ. “ಅಣ್ಣ, ನೀನು ಒಳಗೆ ನಡಿ.”

ಅಣ್ಣ ಹೋದ. ಮಗು ಹೊಸಿಲಲ್ಲೇ ನಿಂತು ಮೆಲ್ಲಗೆ ಹೇಳಿತು. “ಅಮ್ಮ, ನಾನು ಅಲ್ಲಿ ನಕ್ಕೆ.”

ವಿಮಲಾಳ ಮುಖದಲ್ಲಿ ಏನೇನು ಬಂದು ಹೋಯಿತೋ ಬಲ್ಲವರಾರು? ಆಫೀಸಿನಲ್ಲಿ ಈ ಮಾತಿಗೆ ರಿಹರ್ಸಲ್ ಆಗಿರಲಿಲ್ಲ. ಅವಳು ಮೊಣಕಾಲೂರಿ ಕುಳಿತಳು. “ಹೌದಾ? ಯಾತಕ್ ನಕ್ಕೆ? ನಂಗೂ ಹೇಳು, ನಾನೂ ನಗ್ತೀನಿ.”

ದಪ್ಪ ಆನೆಯ ಕಥೆ ಹೊರಬಂತು. ಮಗು ಹೇಳುತ್ತಲೇ ಅನ್ನ ತಿಂದಿತು.

ಕಥೆ ಸುಖಾಂತವಾಯಿತು, ದಂಪತಿ ಒಂದಾದರು ಎಂದುಕೊಂಡಿರಾ? ಇಲ್ಲ. ಒಂದಾಗುವುದಿಲ್ಲ, ಒಂದಾಗಬೇಕಾಗಿಯೂ ಇಲ್ಲ. ಮುಂದಿನ ಭಾನುವಾರ ನಾಗರಾಜ ತಡವಾಗಿ ಬಂದನೆಂದು ಮತ್ತೆ ಫೋನಿನಲ್ಲಿ ರಂಪವಾಯಿತು. ಆದರೆ ಭೇಟಿ ನಿಲ್ಲಿಸುವ ಅರ್ಜಿ ಬರೆಯಬೇಕಾಗಿ ಬರಲಿಲ್ಲ. ತಕರಾರು ಬಿಟ್ಟು, ಪರಸ್ಪರ ಒಪ್ಪಿಗೆಯ ವಿಚ್ಛೇದನಕ್ಕೆ ಜಂಟಿ ಅರ್ಜಿ ಹಾಕುವ ಮಾತುಕತೆ ಇಬ್ಬರು ವಕೀಲರ ನಡುವೆ ಶುರುವಾಗಿದೆ.

“ಮನಶ್ಶಾಸ್ತ್ರ ಎಲ್ಲಿ ಓದಿದಿರಿ?” ಎಂದು ಕಮಲಾಕ್ಷಮ್ಮನವರನ್ನು ಕೇಳಿದೆ.

“ಲಾ ಕಾಲೇಜಲ್ಲಿ ಅದಿರಲಿಲ್ಲ ಸರ್. ಗೊತ್ತಿಲ್ಲದ್ದನ್ನ ಗೊತ್ತಿರೋ ಡಾಕ್ಟರನ್ನ ಕೇಳ್ತೀನಿ. ಕೇಳೋಕೆ ನಾಚಿಕೆ ಯಾಕೆ?”

ಇಂಥವರ ಕೆಲಸ ಪತ್ರಿಕೆಯಲ್ಲಿ ಸುದ್ದಿಯಾಗುವುದಿಲ್ಲ. ಹಾಕದೇ ಉಳಿದ ಅರ್ಜಿಗೆ, ನಡೆಯದೇ ಹೋದ ಜಗಳಕ್ಕೆ ಎಲ್ಲಿಯ ಸುದ್ದಿ? ಅವರ ಆಫೀಸಿನ ಹೊರಗಿನ ಬೆಂಚಿನಲ್ಲಿ ಕುಳಿತು ‘ನಮ್ಮ ಕಡೆ ಗೆಲ್ಲುತ್ತಾ?’ ಎಂದು ಕೇಳುವ ಬಂಧುಗಳಿಗೆ ನನ್ನದೊಂದು ಪ್ರಶ್ನೆ.

ಮಗುವೊಂದು ಅಪ್ಪನ ಜೊತೆ ನಕ್ಕು ಬಂದು ಅಮ್ಮನಿಗೆ ಹೆದರದೆ ಹೇಳಿತಲ್ಲ, ಅದನ್ನು ಯಾವ ಕಡೆಯ ಗೆಲುವೆಂದು ಲೆಕ್ಕ ಹಿಡಿಯುತ್ತೀರಿ?