ಮೂವತ್ತಕ್ಕೇ ನಿಂತ ಮುಟ್ಟು

ಕರಿಹಲಗೆಯ ಮೇಲೆ ಭಾಗಾಕಾರ ಬರೆಯುತ್ತಿದ್ದೆ. ಕಿಬ್ಬೊಟ್ಟೆಯನ್ನು ಯಾರೋ ಹಿಂಡಿದ ಹಾಗಾಯಿತು. ಕುರ್ಚಿ ಹಿಡಿಯಲು ಹೋಗಿ ಕುಸಿದೆ.

ಉಣಕಲ್ಲಿನ ಪ್ರಾಥಮಿಕ ಶಾಲೆಯಲ್ಲಿ ನಾನು ಶಿಕ್ಷಕಿ. ಮದುವೆಯಾಗಿ ಹಳೇ ಹುಬ್ಬಳ್ಳಿಗೆ ಬಂದಾಗಿನಿಂದಲೂ ಮುಟ್ಟಿನಲ್ಲಿ ನೋವಿತ್ತು. ಮಕ್ಕಳ ಮುಂದೆ ಬಿದ್ದದ್ದು ಅದೇ ಮೊದಲು.

"ಹೆಣ್ಣಾದ ಮ್ಯಾಲ ಇದ್ದದ್ದ. ತಡ್ಕೋಬೇಕು," ಎಂದರು ಅತ್ತೆ. ನನ್ನವರು ಮಾತ್ರ ಮರುದಿನವೇ ಆಸ್ಪತ್ರೆಗೆ ಕರೆದೊಯ್ದರು.

ಹೊಟ್ಟೆಯೊಳಗೆ ಸಣ್ಣ ಕ್ಯಾಮೆರಾ ಇಳಿಸಿ ನೋಡುವ ಲ್ಯಾಪರೊಸ್ಕೋಪಿ ಆಗ ನಮಗೆಲ್ಲ ಹೊಸ ಮಾತು. ಅದನ್ನು ಮಾಡಿದ ಡಾಕ್ಟರಮ್ಮ ಹಾಸಿಗೆಯ ಪಕ್ಕ ಕೂತು ಹೇಳಿದರು: "ಎಂಡೊಮೆಟ್ರಿಯೋಸಿಸ್ ಐತ್ರಿ. ಗರ್ಭಕೋಶದ ಒಳಪದರಿನಂಥದ್ದು ಹೊರಗ ಬೆಳದೈತಿ. ಹಾರ್ಮೋನಿನ ಮಾತು ಕೇಳಸ್ಕೊಳ್ಳೋ ಅದರ ರಿಸೆಪ್ಟರ್ ಕೆಟ್ಟಾವ. ಬೆಳಿ ಅನ್ನೋ ಹಾರ್ಮೋನಿನ ಮಾತು ಕೇಳ್ತೈತಿ, ಸಾಕು ಅನ್ನೋದರ ಮಾತು ಕಿವಿಗೆ ಹಾಕ್ಕೊಳ್ಳಂಗಿಲ್ಲ. ಸ್ವಚ್ಛ ಮಾಡಾಕ ಬಂದ ಇಮ್ಯೂನ್ ಸೆಲ್‌ಗಳೂ ಅಲ್ಲೇ ಕುಂತು ಬಾವು ಎಬ್ಬಿಸ್ಯಾವ."

"ಮಕ್ಕಳು?" ಎಂದರು ನನ್ನವರು.

"ಎರಡೂ ಟ್ಯೂಬ್ ಅಂಟಿಕೊಂಡಾವ್ರಿ. ಆಸೆ ಕಡಿಮಿ."

ನನ್ನವರು ಹಿಡಿದಿದ್ದ ನನ್ನ ಕೈ ಬಿಡಲಿಲ್ಲ.

ನನ್ನನ್ನು ಕಾಯಬೇಕಾದ ಜೀವಕೋಶಗಳೇ ನನ್ನನ್ನು ಒಳಗಿನಿಂದ ಸುಡುತ್ತಿವೆ ಎಂದು ತಿಳಿದ ಮೇಲೆ, ಯಾರ ಮೇಲೆ ಸಿಟ್ಟಾಗಬೇಕೆಂಬುದೇ ಎಷ್ಟೋ ದಿನ ಹೊಳೆಯಲಿಲ್ಲ.

ಹಾರ್ಮೋನ್ ತಡೆಯಲು ತಿಂಗಳಿಗೊಂದು ಇಂಜೆಕ್ಷನ್ ಶುರುವಾಯಿತು. ಮೂವತ್ತಕ್ಕೇ ಮುಟ್ಟು ನಿಂತಿತು. ನೋವು ಇಳಿಯಿತು, ಬದಲಿಗೆ ಮುಖ, ಎದೆಯೆಲ್ಲ ಉರಿ. ಅತ್ತೆಗೂ ಆ ವರ್ಷವೇ ಮುಟ್ಟು ನಿಲ್ಲುತ್ತಿತ್ತು. ಒಂದು ಮಧ್ಯಾಹ್ನ ರೊಟ್ಟಿ ಬಡಿಯುತ್ತಿದ್ದವಳು ಬೆವರಿ ನೀರಾಗಿ ಹಿತ್ತಲಿಗೆ ಬಂದೆ. ಅತ್ತೆ ಅಲ್ಲಿ ಒದ್ದೆ ವಸ್ತ್ರದಿಂದ ಕುತ್ತಿಗೆ ಒರೆಸಿಕೊಳ್ಳುತ್ತಾ ಕೂತಿದ್ದರು. ನನ್ನ ಮುಖ ನೋಡಿ ಕೈ ನಿಲ್ಲಿಸಿದರು.

"ನನಗ ಐವತ್ತಾತು. ಹಡದು, ಬೆಳಸಿ ಮುಗಿಸೀನಿ. ನಿನಗ ಯಾಕವ್ವಾ ಈಗ ಇದು?"

ವಸ್ತ್ರವನ್ನು ಮತ್ತೆ ನೀರಿಗದ್ದಿ ನನ್ನ ಕುತ್ತಿಗೆಗಿಟ್ಟರು. ಇಬ್ಬರಿಗೂ ಅಳು ತಡೆಯಲಾಗಲಿಲ್ಲ.

ಆ ಇಂಜೆಕ್ಷನ್ ಬಹಳ ಕಾಲ ಕೊಡುವಂತಿರಲಿಲ್ಲ, ಎಲುಬು ಸವೆಯುತ್ತದೆ. ನಿಲ್ಲಿಸಿದ ಮೇಲೆ ನೋವು ಮರಳಿತು. ಕೆಲವು ವರ್ಷ ಹಾಗೇ ಸಹಿಸಿದೆ. ಕೊನೆಗೆ ಮತ್ತೊಂದು ಆಪರೇಷನ್.

ಗರ್ಭಕೋಶ ಹೋಯಿತು. ಅಂಡಾಶಯಗಳೂ ಹೋದವು.

ಡಿಸ್ಚಾರ್ಜ್ ಆಗಿ ಮನೆಗೆ ಬಂದಾಗ ದುರ್ಗದಬೈಲಿನ ಸಂಬಂಧಿಕರೊಬ್ಬರು ನೋಡಲು ಬಂದರು. "ಇದ್ದವ ಒಬ್ಬ ಮಗ. ಇನ್ನ ವಂಶ ಹೆಂಗ್ರಿ?" ಎಂದು ಅತ್ತೆಯನ್ನು ಕೇಳಿದರು.

"ಸೊಸಿ ಉಳದಾಳಲ್ರಿ," ಎಂದರು ಅತ್ತೆ. "ಚಹಾ ಆರ್ತೈತಿ, ತಗೋರಿ."

ಈಗ ನೋವು ಬಹುಮಟ್ಟಿಗೆ ಇಲ್ಲ. ಓಣಿಯಲ್ಲಿ ಯಾರದಾದರೂ ಮನೆಗೆ ತೊಟ್ಟಿಲಿಗೆ ಹಾಕಲು ಕರೆದರೆ ಹೋಗುತ್ತೇನೆ, ಜೋಗುಳವನ್ನೂ ಹಾಡುತ್ತೇನೆ. ವಾಪಸ್ ಬರುವಾಗ ಮನೆ ಮುಟ್ಟುವವರೆಗೂ ಅತ್ತೆ ನನ್ನ ಕೈ ಹಿಡಿದೇ ನಡೆಯುತ್ತಾರೆ.