ಬಂದವರ ಕಾಫಿ ಖರ್ಚು

ಸಿಂಗಸಂದ್ರದ ಬಾಡಿಗೆ ಮನೆಯಲ್ಲಿ ಕುಳಿತು ನಾನು ಕಂಪನಿಗಳಿಗೆ ಅನುವಾದ ಮಾಡಿಕೊಡುತ್ತೇನೆ. ಮನೆಯೇ ಆಫೀಸು. ಪ್ರತಿ ಜುಲೈಯಲ್ಲೂ ಆಡಿಟರ್ ಫೋನ್ ಮಾಡಿ, ತೆರಿಗೆ ಲೆಕ್ಕಕ್ಕೆಂದು ಬಾಡಿಗೆ, ಕರೆಂಟು, ಇಂಟರ್ನೆಟ್ಟಿನ ಖರ್ಚು ಕೇಳುತ್ತಾರೆ. ಈ ಸಲ ಹೊಸದೊಂದು ಕೇಳಿದರು.

“ಆಫೀಸಿಗೆ ಬಂದೋರಿಗೆ ಕಾಫಿ-ಟೀ ಅಂತ ಎಷ್ಟು ಹಾಕ್ಲಿ ಮೇಡಂ?”

“ಯಾರೂ ಬರಲ್ಲ ಸಾರ್.”

“ಎಲ್ರೂ ಏನಾದ್ರೂ ಹಾಕಿಸ್ತಾರೆ ಮೇಡಂ.”

“ವರ್ಷದಲ್ಲಿ ಒಬ್ರೂ ಬಂದಿಲ್ಲ ಅಂತ ಹೇಳ್ತಿದೀನಲ್ಲ.”

ನನ್ನ ದನಿ ಏರಿತ್ತು. “ಆಯ್ತು ಮೇಡಂ, ಸೊನ್ನೆ ಹಾಕ್ತೀನಿ” ಎಂದರು ಅವರು. ಪ್ರಾಮಾಣಿಕ ಹೆಂಗಸು ಎಂದುಕೊಂಡಿರಬೇಕು. ಯಾರೂ ಬರುವುದಿಲ್ಲ ಎಂಬ ಮಾತನ್ನು ನನ್ನ ಬಾಯಿಂದಲೇ ಎರಡೆರಡು ಸಲ ಹೇಳಿಸಿದರಲ್ಲ ಎಂಬ ಸಿಟ್ಟು ನನಗೆ.

ಫೋನಿಟ್ಟು ಅಡುಗೆಮನೆಗೆ ಹೋದೆ. ಫಿಲ್ಟರಿನಲ್ಲಿ ಡಿಕಾಕ್ಷನ್ ಎಂದಿನಂತೆ ಇಬ್ಬರಿಗಾಗುವಷ್ಟು ಇಳಿದಿತ್ತು. ಎರಡು ಲೋಟ ಕಾಫಿ ಬೆರೆಸಿದೆ. ಎಂದಿನಂತೆ ಎರಡನ್ನೂ ನಾನೇ ಕುಡಿದೆ.