ಕೆಂಪು ದಾರ, ಬಿಳಿ ದಾರ

ಆಂಟಿಯ ತುಟಿಗಳ ನಡುವೆ ಯಾವಾಗಲೂ ಎರಡು ಗುಂಡುಪಿನ್ನು ಇರುತ್ತಿದ್ದವು. ಮಾತೆಲ್ಲ ಬಾಯಿಯ ಎಡಮೂಲೆಯಿಂದಲೇ ಹೊರಗೆ ಬರಬೇಕು. ಪಿನ್ನು ತೆಗೆದು ಮೇಜಿನ ಮೇಲಿಟ್ಟು ಮಾತಾಡಿದರೆಂದರೆ ವಿಷಯ ಗಂಭೀರ ಎಂದು ನಾವು ತಿಳಿಯಬೇಕು.

ತೊಂಬತ್ತರ ದಶಕದ ನಡುವಿನಲ್ಲಿ ನಾವು ಸಿಂಗಪುರದ ಬ್ಯೂನಾ ವಿಸ್ಟಾದಲ್ಲಿ ಒಂಬತ್ತನೇ ಮಹಡಿಯ ಮನೆಯೊಂದರಲ್ಲಿದ್ದೆವು. ಪಕ್ಕದ ಮನೆ ಅವರದು. ನಾವು ಮೈಸೂರಿನವರು, ಅವರು ಉಡುಪಿ ಕಡೆಯವರು. ಅಂಕಲ್ ಎಂಜಿನಿಯರ್, ಬೆಳಗ್ಗೆ ಆರಕ್ಕೆ ಜುರಾಂಗ್ ಕಡೆಗೆ ಕಂಪನಿ ಬಸ್ಸು ಹತ್ತಿದರೆ ಬರುವುದು ಸಂಜೆ. ನಾನು ಬ್ಯಾಂಕಿನ ಕೆಲಸದವಳು. ಐದು ವರ್ಷದ ನನ್ನ ಮಗಳು ಕಿಂಡರ್‌ಗಾರ್ಟನ್ ಮುಗಿಸಿ ನೇರ ಆಂಟಿಯ ಮನೆಗೆ ಹೋಗುತ್ತಿದ್ದಳು. ಊಟ, ನಿದ್ದೆ, ಹಟ ಎಲ್ಲ ಅಲ್ಲೇ. ನಾನು ಸಂಕೋಚಪಟ್ಟರೆ, "ಸುಮ್ನಿರು ಮಾರಾಯ್ತಿ, ಬರೀ ಹೊಲಿಗೆ ಮಿಶಿನ್ ಸದ್ದು ಕೇಳಿ ಕೇಳಿ ಸಾಕಾಗಿದೆ ನಂಗೆ" ಎನ್ನುತ್ತಿದ್ದರು.

ಮದುವೆಯಾಗಿ ಹದಿನೈದು ವರ್ಷವಾದರೂ ಅವರಿಗೆ ಮಕ್ಕಳಾಗಿರಲಿಲ್ಲ. ಕರ್ನಾಟಕದ ಅನಾಥಾಶ್ರಮವೊಂದರಲ್ಲಿದ್ದ ಅಕ್ಕತಂಗಿಯರಿಬ್ಬರನ್ನು ದತ್ತು ತೆಗೆದುಕೊಳ್ಳಲು ಅರ್ಜಿ ಹಾಕಿದ್ದರು. ದೊಡ್ಡವಳಿಗೆ ಐದು, ಚಿಕ್ಕವಳಿಗೆ ಮೂರು. ಎರಡು ದೇಶಗಳ ಕಚೇರಿ, ಕೋರ್ಟು, ಸೀಲು, ಕಾಯುವುದೇ ಕೆಲಸ. ಆಂಟಿ ಸುಮ್ಮನೆ ಕೂತು ಕಾಯುವ ಪೈಕಿಯಲ್ಲ, ಫ್ರಾಕು ಹೊಲಿಯತೊಡಗಿದರು. ನೋಡದ ಮಕ್ಕಳ ಅಳತೆ ಎಲ್ಲಿಂದ ಬರಬೇಕು? ಆಶ್ರಮದ ಮೇಲ್ವಿಚಾರಕಿ ಎರಡು ತಿಂಗಳಿಗೊಮ್ಮೆ ಕಾಗದದೊಳಗೆ ಎರಡು ದಾರ ಮಡಿಸಿ ಕಳಿಸುತ್ತಿದ್ದರು. ನೆತ್ತಿಯಿಂದ ಹಿಮ್ಮಡಿಯವರೆಗೆ ಅಳೆದು ಕತ್ತರಿಸಿದ ದಾರ. ದೊಡ್ಡವಳದು ಕೆಂಪು, ಚಿಕ್ಕವಳದು ಬಿಳಿ. ಮಿಶಿನ್ನಿನ ಪಕ್ಕದ ಮೊಳೆಯಲ್ಲಿ ಅವೆಲ್ಲ ನೇತಾಡುತ್ತಿದ್ದವು.

ಕೆಂಪು ದಾರ ಬಂದ ದಿನ ಆಂಟಿ ನನ್ನ ಮಗಳನ್ನು ಗೋಡೆಗೆ ಒರಗಿಸಿ ನಿಲ್ಲಿಸಿ ಪಕ್ಕದಲ್ಲಿ ದಾರ ಹಿಡಿದು ನೋಡುವರು.

"ಆಂಟಿ, ಅವ್ಳು ನನ್ಗಿಂತ ಶಾರ್ಟ್ ಲಾ!" ಎಂದು ಮಗಳು ಸಿಂಗಪುರದ ಮಕ್ಕಳ ಹಾಗೆ ಕೊನೆಗೊಂದು 'ಲಾ' ಎಳೆಯುವಳು.

"ಬರ್ಲಿ, ಗಂಜಿ ಉಣ್ಣಿಸಿ ನಿನ್ನ ಸಮ ಮಾಡ್ತೇನೆ."

ಪ್ರತಿ ಫ್ರಾಕಿನ ಅಂಚನ್ನೂ ನಾಲ್ಕು ಬೆರಳು ಒಳಗೆ ಮಡಿಸಿ ಹೊಲಿಯುತ್ತಿದ್ದರು. "ಮಕ್ಕಳು ನಮ್ಮನ್ನ ಕೇಳಿ ಬೆಳೆಯೋದಿಲ್ಲ" ಎಂಬುದು ಅವರ ಮಾತು.

ಆ ವರ್ಷ ಪಿತೃಪಕ್ಷ ಶುರುವಾಗುವ ಹೊತ್ತಿಗೆ ಆಂಟಿ ನನಗೊಂದು ಫಾರಂ ಕೊಟ್ಟರು. ಇವರು ಮಕ್ಕಳನ್ನು ಸಾಕಲು ತಕ್ಕವರು ಎಂದು ಬಲ್ಲವರಿಬ್ಬರು ಬರೆದುಕೊಡಬೇಕಿತ್ತು. ಅಂಕಲ್ ಜೊತೆ ಕೆಲಸ ಮಾಡುವವರೊಬ್ಬರು ಆಗಲೇ ಬರೆದಿದ್ದರು. "ನಿಂದೊಂದು ಬಂದ್ರೆ ಫೈಲ್ ಕಂಪ್ಲೀಟ್. ನಮ್ಮನ್ನ ನಿನ್ನಷ್ಟು ನೋಡಿದವ್ರು ಇಲ್ಲಿ ಯಾರಿದ್ದಾರೆ?" ಎಂದರು.

ಅರ್ಧ ಗಂಟೆಯ ಕೆಲಸ. ನಾನು ಫಾರಂ ಅನ್ನು ಫ್ರಿಡ್ಜಿನ ಮೇಲಿಟ್ಟೆ.

ವಾರ ಬಿಟ್ಟು ಕೇಳಿದಾಗ, "ಪಿತೃಪಕ್ಷ ಅಲ್ವಾ ಆಂಟಿ, ಶುಭಕಾರ್ಯದ ಕಾಗದ, ಕಳೀಲಿ" ಎಂದೆ. ಆಮೇಲೆ ನವರಾತ್ರಿಯ ಗೊಂಬೆ ಕೂರಿಸುವ ಗಡಿಬಿಡಿ. ದೀಪಾವಳಿಗೆ ಮೈಸೂರಿಗೆ ಹೋಗಿ ತಿಂಗಳು ಕಳೆದು ಬಂದೆವು. ಬಂದು ಪೆಟ್ಟಿಗೆ ಬಿಚ್ಚಿ ಉಸಿರು ಬಿಡುವಷ್ಟರಲ್ಲಿ ಧನುರ್ಮಾಸ. ನಮ್ಮ ಪಂಚಾಂಗದಲ್ಲಿ ಇಷ್ಟೊಂದು ಅನುಕೂಲವಿದೆ ಎಂದು ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ.

ಇಷ್ಟು ವರ್ಷದ ಮೇಲೆ ನಿಜ ಹೇಳಿಬಿಡುತ್ತೇನೆ. ಕೆಟ್ಟಿದ್ದು ದಿನವಲ್ಲ, ನನ್ನ ಬುದ್ಧಿ. ಆ ಮಕ್ಕಳು ಬಂದುಬಿಟ್ಟರೆ ನನ್ನ ಮಗಳನ್ನು ಯಾರು ನೋಡಿಕೊಳ್ಳುತ್ತಾರೆ ಎಂಬ ಭಯ ನನಗೆ. ಇನ್ನೊಂದು ವರ್ಷ ಹೇಗಾದರೂ ತಳ್ಳಿದರೆ ಮಗಳು ಪ್ರೈಮರಿ ಸೇರುತ್ತಾಳೆ ಎಂದುಕೊಂಡಿದ್ದೆ. ಇದನ್ನು ಗಂಡನಿಗೂ ಹೇಳಲಿಲ್ಲ. ಹೇಳುವಂಥ ಮಾತಾಗಿದ್ದರೆ ತಾನೆ?

ಧನುರ್ಮಾಸದ ಒಂದು ಶನಿವಾರ ಆಶ್ರಮದಿಂದ ಕಾಗದ ಬಂತು. ಆಂಟಿ ಪಿನ್ನುಗಳನ್ನು ತೆಗೆದು ಮೇಜಿನ ಮೇಲಿಟ್ಟು ನನಗೆ ಓದಿ ಹೇಳಿದರು: "ಅಮ್ಮ ಯಾವಾಗ ಬರುತ್ತಾರೆ ಎಂದು ದೊಡ್ಡವಳು ದಿನವೂ ಕೇಳುತ್ತಿದ್ದಳು. ಈಗ ಕೇಳುವುದನ್ನು ಬಿಟ್ಟಿದ್ದಾಳೆ." ಓದಿ ಮುಗಿಸಿ ನನ್ನ ಮುಖ ನೋಡಿದರು. ನಾನು ಕಾಫಿ ಲೋಟದೊಳಗೆ ನೋಡಿದೆ. ಆಗಲಾದರೂ ಎದ್ದು ಹೋಗಿ ಬರೆದು ತರಬಹುದಿತ್ತು. ತರಲಿಲ್ಲ. ಸಂಕ್ರಾಂತಿಯ ದಿನ ಎಳ್ಳುಬೆಲ್ಲದ ತಟ್ಟೆಯ ಜೊತೆ ಫಾರಂ ತುಂಬಿ ಕೊಟ್ಟೆ. "ಒಳ್ಳೇ ದಿನವೇ ಕೊಟ್ಟೆ" ಎಂದು ಎರಡೂ ಕೈಯಲ್ಲಿ ತೆಗೆದುಕೊಂಡರು.

ಅಷ್ಟರಲ್ಲಿ ಮಕ್ಕಳ ವೈದ್ಯಕೀಯ ಪತ್ರಗಳ ಅವಧಿ ಮುಗಿದುಹೋಗಿತ್ತು. ಎಲ್ಲ ಮತ್ತೆ ಮಾಡಿಸಿ, ಆಂಟಿ ಅಂಕಲ್ ಹೋಗಿ ಮಕ್ಕಳನ್ನು ಕರೆತರುವಾಗ ಇನ್ನೊಂದು ನವರಾತ್ರಿ ಬಂದಿತ್ತು. ಮಡಿಸಿದ್ದ ನಾಲ್ಕು ಬೆರಳು ಬಿಚ್ಚಿದರೂ ದೊಡ್ಡವಳ ಫ್ರಾಕು ಮೊಣಕಾಲು ಮುಟ್ಟಲಿಲ್ಲ. ಅವಳು ಆಂಟಿಯನ್ನು ಅಮ್ಮ ಎಂದು ಕರೆಯಲು ಮತ್ತೊಂದು ವರ್ಷ ಹಿಡಿಯಿತು. ನನ್ನ ಮಗಳ ಜಾಗವೋ, ಎಲ್ಲಿಗೂ ಹೋಗಲಿಲ್ಲ. ಮಕ್ಕಳು ಬಂದ ಮರುದಿನವೇ ಆಂಟಿ ನಮ್ಮ ಬಾಗಿಲು ಬಡಿದರು. "ಮಗು ಎಲ್ಲಿ? ಮೂರು ತಟ್ಟೆ ಹಾಕಿ ಕಾಯ್ತಾ ಇದ್ದೇನೆ."

ಎಷ್ಟೋ ವರ್ಷಗಳ ನಂತರ ಆಂಟಿ ಕಾಯಿಲೆ ಬಿದ್ದು ಆಸ್ಪತ್ರೆಯಲ್ಲಿದ್ದಾಗ ನಾನು ಬಾಯಿಬಿಟ್ಟೆ. "ಆಂಟಿ, ಆ ಫಾರಂ..."

"ಗೊತ್ತುಂಟು. ಆಗ್ಲೇ ನಿನ್ನ ಮಗಳೇ ಕುರ್ಚಿ ಹತ್ತಿ ತೆಗ್ದು ತಂದು ತೋರ್ಸಿದ್ಳು, ಆಂಟಿ ಇದ್ರಲ್ಲಿ ನಿಮ್ಮ ಹೆಸ್ರಿದೆ ಅಂತ. ನೋಡಿದ್ರೆ ಖಾಲಿ. ಇದ್ದಲ್ಲೇ ಇಟ್ಟು ಬಾ ಅಂದೆ."

"ಬೇರೆಯವ್ರ ಹತ್ರ ಬರೆಸ್ಬಹುದಿತ್ತಲ್ಲ ಆಂಟಿ?"

"ನಿನ್ನ ಮಗಳನ್ನ ದಿನಾ ನೋಡಿಕೊಂಡವಳು ನಾನು. ನೀನೇ ಬರೀದಿದ್ರೆ, ಬೇರೆಯವ್ರು ಬರೆದು ಏನು ಬಂತು?"

ಕ್ಷಮಿಸಿದೆ ಎಂದು ಅವರು ಹೇಳಲಿಲ್ಲ, ಕೇಳುವ ಧೈರ್ಯ ನನಗೂ ಬರಲಿಲ್ಲ. ನನ್ನ ಊಟ ಆಯಿತೇ ಎಂದು ಕೇಳಿದರು. ಮುಂದಿನ ವಾರ ತೀರಿಕೊಂಡರು.

ಮಿಶಿನ್ನಿನ ಡ್ರಾಯರ್ ಖಾಲಿ ಮಾಡುವಾಗ ದೊಡ್ಡವಳಿಗೆ ದಾರಗಳ ಕಟ್ಟು ಸಿಕ್ಕಿತು. ಇದೇನು ಎಂದು ನನ್ನನ್ನೇ ಕೇಳಿದಳು. ಹೇಳಿದೆ. ತಾರೀಕಿನ ಚೀಟಿ ಕಟ್ಟಿದ್ದ ಆ ದಾರಗಳಲ್ಲಿ ಪಿತೃಪಕ್ಷದ ಹೊತ್ತಿನ ಕೆಂಪು ದಾರವನ್ನೂ ಕೊನೆಯ ಕೆಂಪು ದಾರವನ್ನೂ ಅವಳು ಜೊತೆಗಿಟ್ಟು ನೋಡಿದಳು. "ಇಷ್ಟೊಂದು ಬೆಳೆದ್ಬಿಟ್ಟಿದ್ನಾ ಆಂಟಿ? ಆಫೀಸ್‌ನವ್ರು ಲೇಟ್ ಮಾಡಿದ್ರು ಅಂತ ಅಮ್ಮ ಯಾವಾಗ್ಲೂ ಹೇಳ್ತಿದ್ರು."

ನಾನು ಹೌದು ಎಂದು ತಲೆಯಾಡಿಸಿದೆ.

ಅವಳಿಗೆ ಕನ್ನಡ ಮಾತಾಡಲು ಬರುತ್ತದೆ, ಓದಲು ಬರುವುದಿಲ್ಲ. ಆದ್ದರಿಂದ ಇಲ್ಲಿ ಬರೆದದ್ದನ್ನು ನಾನೇ ಅವಳೆದುರು ಕೂತು ಓದಿ ಹೇಳಬೇಕು. ನಾಳೆಯೇ ಹೋಗುತ್ತೇನೆ. ಪಂಚಾಂಗ ನೋಡಿಲ್ಲ.